ಕೊಕ್ಕೆಗೆ ಬೀಳದ ಅಂಗಿ

"ಟೋಪಿ ಮುಟ್ಬೇಡ ಅಂದ್ನಲ್ಲೇ, ಮಾಟಗಾತಿ ಮುಂಡೆ! ಇಡು ಕೆಳೀಕೆ. ಇಡೇ!"

ಮಿರ್ಲಾ ಟೋಪಿಯನ್ನು ಬೆಂಚಿನ ಮೇಲಿಟ್ಟು ಹಿಂದೆ ಸರಿದಳು. ಬೈದವನು ಎಸ್ಮೆರ್ಲಿನ್. ಅವಳ ಮಗನ ವಯಸ್ಸಿನವನು, ಮಗನ ಪಕ್ಕದ ಹಾಸಿಗೆಯವನು. ಟೋಪಿಯನ್ನು ಕಸಿದುಕೊಂಡು ಅದರೊಳಗೆ ಉಫ್ ಎಂದು ಊದಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಬೆವರು ಹಿಡಿದ ಅಂಗಿ, ಪ್ಯಾಂಟು, ಕಾಲುಚೀಲಗಳನ್ನು ಅವಳ ಬುಟ್ಟಿಗೆ ಎಸೆದ. ಎಸೆಯುವಾಗಲೂ ತನ್ನ ಕೈ ಅವಳ ಕೈಗೆ ತಾಕದ ಹಾಗೆ ನೋಡಿಕೊಂಡ.

"ಓದ್ವಾರ ಹನ್ನೆರಡ್ನೇ ನಂಬರ್ನೋನ ಅಂಗಿ ನುಂಗಾಕಿದ್ಲು. ಈ ವಾರ ಯಾರ್ದು ನುಂಗ್ತಾಳೋ ಕಾಣೆ," ಅಂದ ಇನ್ನೊಬ್ಬ.

ಶೆಡ್ಡಿನಲ್ಲಿದ್ದ ಹುಡುಗರು ನಕ್ಕರು. ನಗು ಬೇಗ ನಿಂತಿತು. ನಾಳೆ ಶನಿವಾರ, ಆಟಗಾರರನ್ನು ಆಯುವುದಕ್ಕೆ ಅಮೆರಿಕದವರು ಬರುವ ದಿನ.

ಆ ಬೇಸ್‌ಬಾಲ್ ಅಕಾಡೆಮಿಯಲ್ಲಿ ಯಾರನ್ನೂ ಬಾಯಿಬಿಟ್ಟು ಹೊರಗೆ ಹಾಕುತ್ತಿರಲಿಲ್ಲ. ಶೆಡ್ಡಿನ ಗೋಡೆಯುದ್ದಕ್ಕೂ ಕಬ್ಬಿಣದ ಕೊಕ್ಕೆಗಳಿದ್ದವು, ಪ್ರತಿ ಕೊಕ್ಕೆಯ ಮೇಲೆ ಒಂದು ನಂಬರು. ಸಂಜೆ ಬಿಚ್ಚಿಹಾಕಿದ ಅಂಗಿಯನ್ನು ಮಿರ್ಲಾ ಒಗೆದು, ಬೆಳಗಾಗುವ ಮುಂಚೆ ಅದೇ ನಂಬರಿನ ಕೊಕ್ಕೆಗೆ ನೇತುಹಾಕಬೇಕು. ಎದ್ದು ಬಂದ ಹುಡುಗನಿಗೆ ತನ್ನ ಕೊಕ್ಕೆ ಖಾಲಿ ಕಂಡರೆ ಮುಗಿಯಿತು. ತಿಂಡಿಯೂ ಇಲ್ಲ. ಚೀಲ ಎತ್ತಿಕೊಂಡು ಗೇಟು ದಾಟಬೇಕು. ಯಜಮಾನ ದೋನ್ ಎವಾರಿಸ್ತೊ ಹಿಂದೊಮ್ಮೆ ಒಬ್ಬ ಹುಡುಗನನ್ನು ಎದುರಿಗೆ ಕೂರಿಸಿಕೊಂಡು "ನೀನು ಬೇಡ" ಎಂದಿದ್ದನಂತೆ. ಮಾರನೆಯ ದಿನ ಹುಡುಗನ ಅಪ್ಪ ಕಬ್ಬು ಕಡಿಯುವ ಮಚ್ಚು ಹಿಡಿದು ಬಂದಿದ್ದ. ಅವತ್ತಿನಿಂದ ಹೇಳುವ ಕೆಲಸ ಕೊಕ್ಕೆಗೆ ಹೋಯಿತು. ಬೈಸಿಕೊಳ್ಳುವ ಕೆಲಸ ಮಿರ್ಲಾಗೆ ಬಂತು.

ಯಾರ ಅಂಗಿ ನೇತುಹಾಕಬಾರದೆಂದು ಎವಾರಿಸ್ತೊ ಅವಳ ಕಿವಿಗೆ ಮಾತ್ರ ಹೇಳುತ್ತಿದ್ದ. ಹುಡುಗರಿಗೆ ಅದು ತಿಳಿಯದು. ಅವರಿಗೆ ಕಾಣುತ್ತಿದ್ದುದು ಒಂದೇ: ಈ ಕಪ್ಪು ಹೆಂಗಸಿನ ಕೈಗೆ ಹೋದ ಕೆಲವು ಅಂಗಿಗಳು ವಾಪಸು ಬರುವುದಿಲ್ಲ. ಹೈಟಿಯವರ ರಕ್ತ, ಮಾಟ ಗೊತ್ತಿರುತ್ತದೆ, ಎಂದರು. ಕೊಕ್ಕೆಗಳಿಗೆ ಕೆಂಪು ದಾರ ಕಟ್ಟಿದರು. ಕೆಲವರು ಕದ್ದು ಬಂದು ಅವಳ ಬುಟ್ಟಿಯಲ್ಲಿ ಒಂದು ಸಾಬೂನು, ಒಂದಿಷ್ಟು ತೆಂಗಿನ ಮಿಠಾಯಿ ಇಟ್ಟು, "ಅತ್ತೆ, ನಂದು ಮೊದ್ಲು ನೇತಾಕು" ಎನ್ನುತ್ತಿದ್ದರು. ಅಂಥವರನ್ನು ನೋಡಿದರೆ ಬೈಯುವವರೇ ವಾಸಿ ಅನ್ನಿಸುತ್ತಿತ್ತು ಅವಳಿಗೆ.

ಅವಳು ಹಿತ್ತಲಿನ ತೊಟ್ಟಿಯ ಬಳಿ ಬಟ್ಟೆ ಸುರಿಯುತ್ತಿದ್ದಾಗ ಎವಾರಿಸ್ತೊ ಬಂದ. ಹಲ್ಲುಕಡ್ಡಿ ಆಡಿಸುತ್ತ ಬೇಲಿಯ ಕಡೆ ನೋಡುತ್ತ ನಿಂತ. ನಂಬರು ಹೇಳುವಾಗ ಅವನು ಅವಳ ಮುಖ ನೋಡುತ್ತಿರಲಿಲ್ಲ.

"ಏಳು. ಹತ್ತೊಂಬತ್ತು. ಮೂವತ್ತೊಂದು."

ಮಿರ್ಲಾಳ ಕೈ ಬಟ್ಟೆ ಉಜ್ಜುತ್ತಲೇ ಇತ್ತು.

"ಮೂವತ್ತೊಂದಾ, ಧಣಿ?"

"ಕಿವಿಗೆ ಏನಾಗಿದೆ ನಿಂಗೆ?"

"ಅದು ನನ್ ಮಗಂದು ಧಣಿ. ವಿಲ್ಕಿನ್‌ದು."

"ಗೊತ್ತು. ಈ ಸಲ ಗೇಟಿನ ಹತ್ರ ಗಲಾಟೆ ಮಾಡೋಕೆ ಯಾರೂ ಬರಲ್ಲ, ಅದೊಂದು ನೆಮ್ಮದಿ."

"ಓದ್ ತಿಂಗ್ಳು ನೀವೇ ಅವನ್ ಭುಜ ತಟ್ಟುದ್ರಿ. ಇಂತಾ ಕೈ ಈ ಸೀಮೇಲೇ ಇಲ್ಲ ಅಂದ್ರಿ."

"ಹೋದ ತಿಂಗಳು ಚೆಂಡನ್ನ ಗಂಟೆಗೆ ತೊಂಬತ್ತೆರಡು ಮೈಲಿ ವೇಗದಲ್ಲಿ ಎಸೀತಿದ್ದ. ಈಗ ಎಂಬತ್ತು ದಾಟಲ್ಲ. ಮೊಣಕೈ ಕೊಳೆತಿದೆ. ಒಂದು ಕೊಳೆತ ಹಣ್ಣು ಮೇಲಿಟ್ರೆ ಬುಟ್ಟಿ ಪೂರ್ತಿ ಕೊಳೆತಿದೆ ಅಂತಾರೆ ಅವರು."

"ನೋವು ಅಂತ ಅಳ್ತಿದ್ದೋನ್ಗೆ ಸೂಜಿ ಚುಚ್ಚಿ ಚುಚ್ಚಿ ಎಸೆಸುದ್ರಲ್ಲ ಧಣಿ. ಕುದ್ರೆಗೆ ಆಕೋ ಸೂಜಿ."

ಎವಾರಿಸ್ತೊ ಈಗ ಅವಳ ಕಡೆ ತಿರುಗಿದ. ಸಿಟ್ಟು ಮಾಡಿಕೊಳ್ಳಲಿಲ್ಲ. ಕಲ್ಲಿನ ಮೇಲೆ ಅವಳು ಹಿಂಡಿಟ್ಟಿದ್ದ ಬಿಳಿ ಅಂಗಿಯ ಮೇಲೆ ಬೂಟು ಇಟ್ಟು, ಅಡಿಯ ಕೆಸರನ್ನು ನಿಧಾನವಾಗಿ ಒರೆಸಿದ. ಒಂದು ಬೂಟು, ಆಮೇಲೆ ಇನ್ನೊಂದು.

"ಇದನ್ನೂ ಒಗಿ," ಅಂದ.

ಅವಳು ಒದ್ದೆ ನೆಲದ ಮೇಲೆ ಮೊಣಕಾಲೂರಿದಳು.

"ಸೋಮವಾರದವರ್ಗೂ ಇರ್ಲಿ ಧಣಿ. ಅಡುಗೆಮನೇಲಿ ಬಚ್ಚಿಡ್ತೀನಿ, ಉಸ್ರೆತ್ತಲ್ಲ. ನಾಳೀಕ್ ಗೇಟಿನ ಮುಂದೆ ಕಾಗ್ದ ಇಲ್ದೋರ್ನ ಇಡ್ಯೋ ಲಾರಿ ನಿಂತಿರ್ತದೆ. ಕಾಗ್ದ ಮಾಡುಸ್ಕೊಡ್ತೀನಿ ಅಂದಿದ್ರಲ್ಲ..."

"ಟೀಮಿನವರು ಸಹಿ ಹಾಕಿಸ್ಕೊಂಡ್ರೆ ಮಾಡಿಸ್ತೀನಿ ಅಂದಿದ್ದೆ. ಸಹಿ ಆಗದ ಹುಡುಗನಿಗೆ ಕಾಗದ ಯಾತಕ್ಕೆ?" ಹಲ್ಲುಕಡ್ಡಿಯನ್ನು ತೊಟ್ಟಿಗೆ ಉಗಿದ. "ಮೋಟಾರು ಸುಟ್ಟಿದೆ, ಇಲ್ಲಿ ನೀರು ಸಾಲಲ್ಲ. ಎಲ್ಲ ಹೊತ್ಕೊಂಡು ಹೋಗಿ ನಿಮ್ಮ ಕಾಲುವೇಲಿ ಒಗೆದು ತಾ. ಬೆಳಕು ಹರಿಯೋ ಮುಂಚೆ ಕೊಕ್ಕೆ ಮೇಲಿರ್ಬೇಕು. ಒಂದು ಕಲೆ ಕಂಡ್ರೂ ಚರ್ಮ ಸುಲೀತೀನಿ."

ವಿಲ್ಕಿನ್ ಹುಟ್ಟಿದ್ದು ಅಲ್ಲೇ ಕಬ್ಬಿನ ಗದ್ದೆಯಾಚೆಯ ಬತೆಯ್‌ನಲ್ಲಿ, ಕಬ್ಬು ಕಡಿಯುವ ಕೂಲಿಗಳ ಸಾಲುಮನೆಯಲ್ಲಿ. ಮಿರ್ಲಾ ಹುಟ್ಟಿದ್ದೂ ಅಲ್ಲೇ. ಅವಳ ಅಪ್ಪನನ್ನು ಸಕ್ಕರೆ ಕಾರ್ಖಾನೆಯವರೇ ಹೈಟಿಯಿಂದ ಟ್ರಕ್ಕಿನಲ್ಲಿ ತುಂಬಿಕೊಂಡು ಬಂದಿದ್ದರು. ಈಗ ಕಚೇರಿಯಲ್ಲಿ, ನೀವು ಇಲ್ಲಿಯವರಲ್ಲ ಎನ್ನುತ್ತಾರೆ. ಕಾಗದವಿಲ್ಲದವರನ್ನು ಹಿಡಿಯುವ ಲಾರಿ ಸಾನ್ ಪೆದ್ರೊ ಹೆದ್ದಾರಿಯಲ್ಲಿ ಓಡಾಡುತ್ತದೆ. ಹಿಂಬದಿಗೆ ಕಬ್ಬಿಣದ ಬಲೆ. ಮೈಬಣ್ಣ ನೋಡಿ ನಿಲ್ಲಿಸುತ್ತಾರೆ, ಎತ್ತಿ ಒಳಗೆ ಹಾಕುತ್ತಾರೆ, ಹೈಟಿಯ ಗಡಿಯಾಚೆ ಸುರಿದು ಬರುತ್ತಾರೆ. ಪಕ್ಕದ ಮನೆಯ ಜಿಲಿಯಾಳ ಮಗನನ್ನು ಹೋದ ಸುಗ್ಗಿಯಲ್ಲಿ ಹಾಗೇ ಒಯ್ದಿದ್ದರು. ಗಡಿಯಾಚೆಯಿಂದ ಒಂದು ಫೋನು ಬಂತು. ಆಮೇಲೆ ಅದೂ ಇಲ್ಲ.

ಆದರೆ ಅಕಾಡೆಮಿಯ ಅಂಗಿ ತೊಟ್ಟ ಹುಡುಗನನ್ನು ಲಾರಿಯವರು ಮುಟ್ಟುತ್ತಿರಲಿಲ್ಲ. ಬೇಸ್‌ಬಾಲ್ ಹುಡುಗ, ನಾಳೆ ಅಮೆರಿಕದ ಮೇಜರ್ ಲೀಗಿಗೆ ಹೋಗಿ ದೇಶಕ್ಕೇ ಹೆಸರು ತಂದರೂ ತರಬಹುದು. "ದೊಡ್ಡೋನಾದ್ಮೇಲೆ ನಮ್ಮನ್ನ ಮರೀಬೇಡ ಕಣೋ" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಎರಡು ವರ್ಷದಿಂದ ಮಿರ್ಲಾ ಮಗನ ಅಂಗಿಯನ್ನು ಒಗೆಯುವಾಗೆಲ್ಲ, ಇದೇ ಅವನ ಕಾಗದ ಎಂದುಕೊಂಡೇ ಒಗೆದಿದ್ದಳು.

ಹಿಂಬಾಗಿಲಲ್ಲಿ ವಿಲ್ಕಿನ್ ಸಿಕ್ಕ. ಮೂಟೆಯನ್ನು ಅವಳ ತಲೆಗೆ ಎತ್ತಲು ಬಂದವನು ಎಡಗೈ ಒಂದನ್ನೇ ಚಾಚಿದ. ಬಲಗೈ ಹೊಟ್ಟೆಗೆ ಅಂಟಿಕೊಂಡಂತೆ ಮಡಚಿತ್ತು.

"ಕೈ ಎಂಗೈತ್ಲಾ?"

"ಐತೆ." ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಅವ್ವ, ಬೆರಳ್ಗೆ ಚೆಂಡೇ ಗೊತ್ತಾಯ್ತಿಲ್ಲ. ಇಡ್ಕೊಂಡಿವ್ನೋ ಬುಟ್ಟಿವ್ನೋ ನೋಡ್ಕೊಂಡೇ ತಿಳ್ಕೋಬೇಕು. ಯಾರ್ಗೂ ಯೋಳ್ಬೇಡ. ನಾಳೀಕೆ ಎರಡು ಸೂಜಿ ಆಕ್ತಾರಂತೆ. ಹತ್ತು ಎಸ್ತ ಎಸುದ್ರೆ ಸಾಕು. ಸಹಿ ಬಿದ್ಮೇಲೆ ಕೈ ಓದ್ರೂ ಓಗ್ಲಿ."

"ಮುಚ್ಲಾ ಬಾಯಿ."

"ನಂದು ನೇತಾಕ್ತೀಯ ತಾನೆ?"

ಅವನು ನಗುತ್ತಲೇ ಕೇಳಿದ. ದಿನಾ ಕೇಳುವ ತಮಾಷೆ ಅದು. ದಿನಾ ಅವಳು "ನೀನು ಒಳ್ಳೆ ಮಗ ಆಗಿದ್ರೆ" ಎನ್ನುತ್ತಿದ್ದಳು. ಈಗ ಮೂಟೆಯ ಕೆಳಗೆ ಕತ್ತು ಆಡಿಸಿದಳು. ಅದು ಹೌದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ.

ಗದ್ದೆಯಲ್ಲಿ ಕಬ್ಬು ಕಡಿದಾಗಿತ್ತು. ಬತೆಯ್‌ವರೆಗೂ ಬೋಳು ನೆಲ. ನಡುವೆ ಕುದುರೆ ಮೇಲೆ ಕಾರ್ಖಾನೆಯ ಕಾವಲುಗಾರ, ಹೆಗಲ ಮೇಲೆ ಕೋವಿ. ಕಬ್ಬಿದ್ದ ಕಾಲದಲ್ಲಾದರೆ ಮಗನನ್ನು ಅದರೊಳಗೆ ನುಸುಳಿಸಿ ತರಬಹುದಿತ್ತು. ಒಗೆಯುವ ಹೆಂಗಸನ್ನು ಕಾವಲುಗಾರ ಬಿಡುತ್ತಾನೆ, ಓಡುವ ಹುಡುಗನನ್ನು ಬಿಡುವುದಿಲ್ಲ.

ಕಾಲುವೆಯಲ್ಲಿ ಜಿಲಿಯಾ ಮತ್ತು ಸಾಲುಮನೆಯ ಹೆಂಗಸರು ಕೈಜೋಡಿಸಿದರು. ಗಂಡಸರು ಕೆಲಸದಿಂದ ಬಂದು ದಡದಲ್ಲಿ ಕೂತಿದ್ದರು, ಮೈತುಂಬ ಕಬ್ಬು ಸುಟ್ಟ ಮಸಿ. ಮಿರ್ಲಾ ಮೂವತ್ತೊಂದನ್ನು ಕೈಯಲ್ಲಿ ಹಿಡಿದವಳು ಅದನ್ನು ನೀರಿಗೂ ಹಾಕಲಿಲ್ಲ, ಕೆಳಗೂ ಇಡಲಿಲ್ಲ.

"ಏನಾತೇ?" ಅಂದಳು ಜಿಲಿಯಾ.

ಮಿರ್ಲಾ ಹೇಳಿದಳು. ಜಿಲಿಯಾ ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿಗೆ ಎತ್ತಿ ಬಡಿದಳು.

"ಆ ಸೂಳೆಮಗ ಎವಾರಿಸ್ತೊನ ಹೊಟ್ಟೆಗೆ ಹುಳ ಬೀಳ. ಅಂಗೀನ ನೀನೇ ತಗಂಡೋಗು. ಮಗನ್ಗೆ ತೊಡ್ಸಿ ಮನೀಗ್ ಕರ್ಕೊಂಡು ಬಾ. ಲಾರಿಯೋರು ಅಂಗಿ ನೋಡಿ ಬುಡ್ತಾರೆ."

"ಬುಡಲ್ಲ," ಅಂದ ಮುದುಕ ಪ್ರೊಸ್ಪೆರ್. ಅವನು ಬತೆಯ್‌ನ ಎಲ್ಲರಿಗಿಂತ ಹಳೆಯ ಕೂಲಿ. "ನಾಳೀಕ್ ಉಡುಗ್ರೆಲ್ಲ ಒಳ್ಗೆ ಅಮೆರಿಕದೋರ ಮುಂದೆ ಕುಣೀತಿರ್ತಾರೆ. ಒಬ್ಬನೇ ಒಬ್ಬ ಅಂಗಿ ಆಕ್ಕಂಡು ರೋಡಲ್ಲಿ ಓಗ್ತಾವ್ನೆ ಅಂದ್ರೆ ಕದ್ದಿರೋ ಅಂಗಿ ಅಂತ್ಲೇ ಲೆಕ್ಕ. ಎಂಗೂ ಇಡೀತಾರೆ, ಮ್ಯಾಲೆ ಹಲ್ಲೂ ಉದುರುಸ್ತಾರೆ."

ಒಗೆದ ಅಂಗಿಗಳು ಬೇಲಿಯ ಮೇಲೆ ಸಾಲಾಗಿ ಹರಡಿದ್ದವು. ಎಲ್ಲರನ್ನೂ ನಗಿಸಲೆಂದು, ಕೂಲಿಗಳಿಗೆ ಅಡುಗೆ ಮಾಡುವ ದಪ್ಪ ಹೆಂಗಸು ನೂರಿಸ್ ಒಂದು ಅಂಗಿ ಎಳೆದು ಮೈಮೇಲೆ ಹಾಕಿಕೊಂಡಳು. ಹೊಟ್ಟೆಯ ಬಳಿ ಬಟನ್ನು ಸೇರಲಿಲ್ಲ.

"ನೋಡ್ರೇ ನನ್ನ! ಸಹಿ ಆತು ನಂದು! ಗಂಡುಂಗ್ ಯೋಳ್ಬುಡಿ, ಇನ್ಮ್ಯಾಕೆ ಅನ್ನ ಅವನೇ ಬೇಯ್ಸ್ಕೋಬೇಕು!"

"ಎಸಿಯೇ ಒಂದ್ ಚೆಂಡಾ!" ಎಂದು ಯಾರೋ ಕೂಗಿದರು. ನೂರಿಸ್ ಒಂದು ಕಾಲೆತ್ತಿ ಕೈ ಬೀಸಿ, ಆಯತಪ್ಪಿ ಕಾಲುವೆಯ ಅಂಚಿನಲ್ಲಿ ಕುಸಿದು ಕೂತಳು. ಎಲ್ಲರೂ ನಕ್ಕರು. ಪ್ರೊಸ್ಪೆರ್ ಕೂಡ ನಕ್ಕ.

ಮಿರ್ಲಾ ನಗಲಿಲ್ಲ. ನೂರಿಸ್‌ಳ ಬೆನ್ನ ಮೇಲಿನ ನಂಬರನ್ನೇ ನೋಡುತ್ತಿದ್ದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಅವಳ ಮುಖದ ಕಡೆ ತಿರುಗಿದರು.

"ಬ್ಯಾಡ ಕಣೇ," ಅಂದಳು ನೂರಿಸ್, ಅಂಗಿಯನ್ನು ಬಿಚ್ಚುತ್ತ. "ಅಂಗೆಲ್ಲ ನೋಡ್ಬೇಡ ನನ್ನ."

"ಒಬ್ನೇ ಓದ್ರೆ ಇಡೀತಾರೆ," ಅಂದಳು ಮಿರ್ಲಾ. "ಎಲ್ಲಾರೂ ಇದೇ ಅಂಗಿ ಆಕ್ಕಂಡು ಓದ್ರೆ?"

"ನಿಂಗೆ ತಲೆ ಕೆಟ್ಟೈತಾ? ಇಲ್ಲಿ ಕಾಗ್ದ ಇರೋರು ಯಾರವ್ರೆ? ರೋಡಿಗೆ ಓಗಾದು ಅಂದ್ರೆ ನಾವೇ ನಡ್ಕೊಂಡೋಗಿ ಲಾರಿ ಅತ್ತಿದಂಗೆ. ನಂಗೆ ಮೂರು ಮಕ್ಳವ್ರೆ."

"ನಾನ್ ಯಾರ್ನೂ ಬಾ ಅನ್ನಲ್ಲ."

ನೂರಿಸ್ ಅಂಗಿಯನ್ನು ಬೇಲಿಯ ಮೇಲೆ ಹಾಕಿ, ತಲೆ ತಗ್ಗಿಸಿಕೊಂಡು ಮನೆಯ ಕಡೆ ಹೋದಳು. ಅವಳ ಹಿಂದೆ ಇನ್ನೂ ಕೆಲವರು ಎದ್ದರು. ಹೋದವರನ್ನು ಯಾರೂ ಬೈಯಲಿಲ್ಲ. ಜಿಲಿಯಾ ಮಾತ್ರ ಬೇಲಿಯ ಬಳಿ ಹೋಗಿ ಅಂಗಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ತನ್ನ ಮಗನಿಗೆ ಆಗುತ್ತಿದ್ದ ಅಳತೆಯದೊಂದನ್ನು ಆರಿಸಿ ತೋಳ ಮೇಲೆ ಹಾಕಿಕೊಂಡಳು.

ಬೆಳಕು ಹರಿಯುವ ಹೊತ್ತಿಗೆ ಬತೆಯ್‌ನಿಂದ ಒಂದು ಸಾಲು ಹೊರಟಿತು. ಗಂಡಸರು, ಹೆಂಗಸರು, ಮಚ್ಚಿನಿಂದ ಬೆರಳು ಕಳೆದುಕೊಂಡವರು, ಬೆನ್ನು ಬಾಗಿದವರು. ಎಲ್ಲರ ಮೈಮೇಲೂ ಬಿಳಿ ಅಂಗಿ, ಇನ್ನೂ ಸ್ವಲ್ಪ ಒದ್ದೆ. ಪ್ರೊಸ್ಪೆರ್‌ನ ಅಂಗಿ ಅವನ ಮೊಣಕಾಲು ಮುಟ್ಟುತ್ತಿತ್ತು. ಕುದುರೆಯ ಕಾವಲುಗಾರ ಬಾಯಿ ತೆರೆದು ನೋಡಿದ. ಏನು ಕೂಗಬೇಕೆಂದು ತೋಚದೆ ಲಗಾಮು ಹಿಡಿದು ನಿಂತ. ಮಿರ್ಲಾ ಏಳನೇ ನಂಬರು ತೊಟ್ಟಿದ್ದಳು, ಕಂಕುಳಲ್ಲಿ ಮೂವತ್ತೊಂದು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಒದ್ದೆ ಬಟ್ಟೆಯ ಚಳಿ ಎಂದು ಜಿಲಿಯಾಗೆ ಹೇಳಿದಳು.

ಹೆದ್ದಾರಿಯ ಆಚೆ ಹುಣಸೆಮರದ ಕೆಳಗೆ ಲಾರಿ ನಿಂತಿತ್ತು.

ಅಕಾಡೆಮಿಯ ಒಳಗೆ ಗದ್ದಲವೆದ್ದಿತ್ತು. ಗೇಟಿನ ಸರಳುಗಳ ನಡುವೆ ಹುಡುಗರು ಕಂಡರು. ಎಲ್ಲರೂ ಬನಿಯನ್ನಿನಲ್ಲಿ. ಒಂದು ಕೊಕ್ಕೆಯಲ್ಲೂ ಅಂಗಿಯಿಲ್ಲ. ಒಬ್ಬ ಚೀಲಕ್ಕೆ ಬಟ್ಟೆ ತುರುಕುತ್ತಿದ್ದ, ಒಬ್ಬ ನೆಲದ ಮೇಲೆ ಕೂತು ಅಳುತ್ತಿದ್ದ. ಎಸ್ಮೆರ್ಲಿನ್ ಟೋಪಿಯನ್ನು ಎದೆಗೆ ಒತ್ತಿಕೊಂಡು ಸರಳಿನ ಬಳಿ ಬಂದ.

"ಅತ್ತೆ," ಅಂದ. ದನಿ ಒಡೆದಿತ್ತು. "ಎಲ್ಲಾರ್ನೂ ತೆಗ್ದ್ರಾ ಅತ್ತೆ? ನಾನೇನ್ ಮಾಡ್ದೆ?"

"ನಿನ್ ಅಂಗಿ ನಾನ್ ನುಂಗಿಲ್ಲ ಕಣಪ್ಪ," ಅಂದಳು ಮಿರ್ಲಾ. "ಯಾವತ್ತೂ ನುಂಗಿಲ್ಲ. ನಂಬರು ಯೋಳೋನು ಅವ್ನು. ನಿಮ್ ಧಣಿ. ನಿನ್ನೆ ನನ್ ಮಗಂದು ಯೋಳ್ದ."

ಹುಡುಗರ ಗದ್ದಲ ತಗ್ಗಿತು. ಎವಾರಿಸ್ತೊ ಅವರನ್ನು ತಳ್ಳಿಕೊಂಡು ಗೇಟಿಗೆ ಬಂದ. ಕೂಗಲು ಬಾಯಿ ತೆರೆದವನು ಅವಳ ಹಿಂದೆ ನಿಂತ ಸಾಲನ್ನು ನೋಡಿದ, ದೂರದ ತಿರುವಿನಲ್ಲಿ ಜೀಪಿನ ಧೂಳು ನೋಡಿದ. ಅಮೆರಿಕದವರು ಹೊತ್ತಿಗೆ ಸರಿಯಾಗಿ ಬರುತ್ತಾರೆ. ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಬಿಚ್ಚಿಸೇ, ಬೋಸುಡಿ. ಈ ಕೊಳಕರ ಮೈಯಿಂದ ಬಿಚ್ಚಿಸು ಅದನ್ನ. ಜೈಲಿಗೆ ಹಾಕಿಸ್ತೀನಿ."

ಅವಳು ಕದಲಲಿಲ್ಲ. ಜೀಪು ಇನ್ನೊಂದು ತಿರುವು ದಾಟಿತು. ಎವಾರಿಸ್ತೊನ ದನಿ ಬದಲಾಯಿತು.

"ನೋಡು ಮಿರ್ಲಾ. ನಿನ್ನ ಮಗ ಇರ್ಲಿ. ತೆಗೆಯಲ್ಲ. ಅಂಗಿ ಕೊಟ್ಬಿಡು, ಅವನಿಗೆ ಎರಡು ಸೂಜಿ ಹಾಕಿ ಎಲ್ಲರಿಗಿಂತ ಮೊದಲು ಎಸೆಸ್ತೀನಿ. ದೇವರಾಣೆ. ಯಾರಿಗೆ ಗೊತ್ತು, ಸಹಿ ಆದ್ರೂ ಆಗಬಹುದು."

ವಿಲ್ಕಿನ್ ಅವನ ಬೆನ್ನ ಹಿಂದೆಯೇ ನಿಂತಿದ್ದ, ಭುಜಕ್ಕೆ ಚೀಲ. ಆ ಮಾತು ಕೇಳಿ ಅವನ ಮುಖ ಬೆಳಗಿದ್ದು ಅವಳಿಗೆ ಕಂಡಿತು. ಲಾರಿಗಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಅದು.

"ಅವ್ವ, ಕೊಟ್ಬುಡು. ಎಸಿತೀನಿ ನಾನು."

"ಬಲಗೈ ಎತ್ಲಾ," ಅಂದಳು ಅವಳು.

"ಅವ್ವ..."

"ತಲೆ ಮ್ಯಾಕೆ ಎತ್ತು. ಎತ್ತುದ್ರೆ ಕೊಡ್ತೀನಿ."

ವಿಲ್ಕಿನ್ ಎತ್ತಿದ. ಎದೆಯವರೆಗೆ ಬಂದ ಕೈ ಅಲ್ಲೇ ನಿಂತು ಅದುರಿತು. ಹಣೆಯಲ್ಲಿ ಬೆವರು ಒಡೆಯಿತು. ಹುಡುಗರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಎಸ್ಮೆರ್ಲಿನ್ ತನ್ನ ಬಲ ಮೊಣಕೈಯನ್ನು ಎಡಗೈಯಿಂದ ಮುಚ್ಚಿ ಹಿಡಿದುಕೊಂಡ. ಅವನೇ ಕೈ ಚಾಚಿ ಗೇಟಿನ ಚಿಲಕ ತೆಗೆದ. ಎವಾರಿಸ್ತೊ ಅವನ ಕೆನ್ನೆಗೆ ಹೊಡೆದ, ಆದರೆ ಗೇಟು ಆಗಲೇ ತೆರೆದಿತ್ತು.

ಮಿರ್ಲಾ ಮಗನ ಸತ್ತ ಕೈಯನ್ನು ಮಗುವಿಗೆ ತೊಡಿಸುವ ಹಾಗೆ ಮೂವತ್ತೊಂದರ ತೋಳಿನೊಳಗೆ ತೂರಿಸಿದಳು. ಜಿಲಿಯಾ ಬಟನ್ನು ಹಾಕಿದಳು. ಬಿಳಿ ಅಂಗಿಗಳು ಅವನ ಸುತ್ತ ಮುಚ್ಚಿಕೊಂಡವು.

ಹೆದ್ದಾರಿಯಲ್ಲಿ ಸಾಲು ನಡೆಯಿತು. ಜೀಪು ಪಕ್ಕದಲ್ಲೇ ಹಾದುಹೋಯಿತು. ಒಳಗೆ ಕಪ್ಪು ಕನ್ನಡಕದವನೊಬ್ಬ ಕತ್ತು ಹೊರಳಿಸಿ ನೋಡಿದ. ಮರದ ಕೆಳಗೆ ಲಾರಿಯ ಎಂಜಿನ್ನು ಶುರುವಾಯಿತು. ಅದು ರಸ್ತೆಗೆ ಇಳಿದು, ಅವರ ನಡಿಗೆಯ ವೇಗದಲ್ಲೇ ಪಕ್ಕಕ್ಕೆ ಬಂತು.

"ಯಾವನೂ ಓಡ್ಬೇಡಿ," ಅಂದ ಪ್ರೊಸ್ಪೆರ್. "ಓಡುದ್ರೆ ಇಡೀತಾರೆ."

ಲಾರಿ ಮುಂದೆ ಹೋಗಿ ಅಡ್ಡ ನಿಂತಿತು. ಇಬ್ಬರು ಇಳಿದರು. ಒಬ್ಬನ ಕೈಯಲ್ಲಿ ಕೋಲು. ಅವನು ಮೊದಲು ಪ್ರೊಸ್ಪೆರ್‌ನ ಎದೆಯ ಮೇಲಿನ ನಂಬರು ನೋಡಿದ, ಆಮೇಲೆ ಬಿಳಿ ಗಡ್ಡ ನೋಡಿದ.

"ಇದ್ಯಾವ ಟೀಮೋ ಮುದ್ಕ?"

"ನಮ್ದೇ, ಸ್ವಾಮಿ."

ಅವನು ನಗಲಿಲ್ಲ. ಕೋಲಿನ ತುದಿಯಿಂದ ಒಬ್ಬೊಬ್ಬರ ಅಂಗಿಯನ್ನೂ ಎತ್ತಿ ನೋಡುತ್ತ ಸಾಲಿನುದ್ದಕ್ಕೂ ಬರತೊಡಗಿದ. ಇನ್ನೊಬ್ಬ ಲಾರಿಯ ಹಿಂಬದಿಗೆ ಹೋಗಿ ಬಲೆಯ ಬಾಗಿಲು ತೆರೆದ. ಒಳಗೆ ಆಗಲೇ ಯಾರೋ ಕೂತಿದ್ದರು. ಬೂಟಿಲ್ಲದ ಎರಡು ಪಾದಗಳಷ್ಟೇ ಕಂಡವು.

ಮಿರ್ಲಾ ಮಗನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಬಟ್ಟೆಯ ಒಳಗಿಂದ ಅವನ ಗುಂಡಿಗೆ ಅವಳ ಬೆರಳಿನ ಗೆಣ್ಣುಗಳಿಗೆ ಬಡಿಯುತ್ತಿತ್ತು. ಕೋಲು ಜಿಲಿಯಾಳ ಮುಂದೆ ನಿಂತಿತು.

"ಹೆಸರೇನೇ?"

ಜಿಲಿಯಾ ಹೋದ ಸುಗ್ಗಿಯಲ್ಲಿ ಲಾರಿ ಒಯ್ದ ತನ್ನ ಮಗನ ಹೆಸರು ಹೇಳಿದಳು. ಅವಳ ಹಿಂದಿನವನೂ ಅದೇ ಹೆಸರು ಹೇಳಿದ. ಅವನ ಹಿಂದಿನವಳೂ.

ಕೋಲಿನವನು ವಿಲ್ಕಿನ್‌ನ ಹತ್ತಿರ ಬರುತ್ತಿದ್ದ.